ಹನ್ನೆರಡು ಪದ ಹೆಚ್ಚು

ಕರೆಂಟು ಹೋದದ್ದು ಮೂರನೆಯ ಪ್ರಶ್ನೆಯ ನಡುವೆ.
'ನಿಮ್ಮ ನಾಯಕತ್ವಕ್ಕೊಂದು ನಿದರ್ಶನ ಕೊಡಿ,
ಐನೂರು ಪದ ಮೀರದಂತೆ.'
ಮೀರಿದ್ದೆ. ಎಷ್ಟು ಎಂದು ನೋಡುವಷ್ಟರಲ್ಲಿ
ಸಿಯಾವೊಂಗ ಊರಿಗೆ ಊರೇ ಕಪ್ಪು.

ಕೆಳಗೆ ಕರಿಬಾ ಸರೋವರದಲ್ಲಿ ಮಾತ್ರ ದೀಪ:
ಕಪೆಂಟಾ ಹಿಡಿಯುವ ತೆಪ್ಪಗಳು
ಬೆರಳುದ್ದದ ಮೀನಿಗೆ ಬೆಳಕಿನ ಆಸೆ ತೋರಿಸುತ್ತಾ.

ನಗು ಬಂತು, ನಿಜ ಹೇಳಬೇಕೆಂದರೆ.
ನಾನು ಓದಲು ಹೊರಟಿರುವುದೇ ಇದನ್ನು:
ಅಣೆಕಟ್ಟಿನ ನೀರು ಏಕೆ ಇಳಿಯುತ್ತದೆ,
ಇಳಿದರೆ ಎಲ್ಲೆಲ್ಲಿ ದೀಪ ಆರುತ್ತದೆ.
ಅದನ್ನು ಓದಲು ಕಾಸು ಕೇಳುವ ಅರ್ಜಿ
ನೀರಿಳಿದು, ದೀಪವಾರಿ, ಅರ್ಧಕ್ಕೆ ನಿಂತಿದೆ.

ಲುಸಾಕಾದ ಪ್ರೊಫೆಸರು ಶಿಫಾರಸು ಕಳಿಸಿಯಾಗಿದೆ,
ನಾಲ್ಕು ಸಲ ನೆನಪಿಸಿದ ಮೇಲೆ.
'ಈಕೆ ತಾಳ್ಮೆಯವಳು' ಎಂದು ಬರೆದೆ ಅಂದರು ಫೋನಿನಲ್ಲಿ.
ಇರಬೇಕು.

ಗಡುವು ನಡುರಾತ್ರಿ. ಅವರ ನಡುರಾತ್ರಿ.
ನಮಗದು ಎರಡು ಗಂಟೆ.
ಸೂರ್ಯ ನಮ್ಮ ಕಡೆ ಮೊದಲು ಬರುತ್ತಾನಲ್ಲ,
ಅದಕ್ಕೆ ಸಿಕ್ಕ ಬಡ್ಡಿ ಇಷ್ಟು.

ಲ್ಯಾಪ್‌ಟಾಪನ್ನು ಚಿಟೆಂಗೆ ಬಟ್ಟೆಯಲ್ಲಿ ಸುತ್ತಿ
ಕೂಸಿನ ಹಾಗೆ ಬೆನ್ನಿಗೆ ಕಟ್ಟಿ
ದಿಬ್ಬ ಇಳಿದೆ. ಲಾಡ್ಜಿನಲ್ಲಿ ಜನರೇಟರಿದೆ,
ಕಾವಲಿಗೆ ಸಿಯಾಂವಿಂಗ ಇದ್ದಾನೆ,
ಅಪ್ಪನ ಜೊತೆ ಕೂತು ಬಲೆ ಹೊಲಿದವನು.
ಅಡುಗೆಮನೆಯ ಹಿಂದೆ, ಫ್ರಿಜ್ಜಿನ ಪಕ್ಕ,
ಒಂದು ಪ್ಲಗ್ ತೋರಿಸಿ ಕೇಳಿದ:
'ಏನು ಕೇಳ್ತಿದ್ದೀ ಅವರನ್ನ?'
'ನೀರು ಯಾಕೆ ಇಳಿಯುತ್ತೆ ಅಂತ ಕಲಿಸಿ ಅಂತ.'
'ಮಳೆ ಬರಲಿಲ್ಲ, ಇಳೀತು.
ಇದಕ್ಕೆ ವಿಮಾನ ಹತ್ತಬೇಕಾ, ಚೋಲ್ವೆ?'
ಅಂದವನೇ ಚಹಾ ತಂದಿಟ್ಟ, ಸಕ್ಕರೆ ಮೂರು ಚಮಚ.

ಐನೂರ ಹನ್ನೆರಡು. ತೆರೆಯ ಮೂಲೆಯಲ್ಲಿ ಕೆಂಪು ಅಂಕಿ.

ನಾನು ಬರೆದದ್ದು ಅಜ್ಜಿಯ ಕತೆ. ಆಗ ಹತ್ತು ವರ್ಷದವಳು.
ಕಣಿವೆ ಮುಳುಗುತ್ತದೆ, ಏಳಿ ಎಂದು ಲಾರಿ ಬಂದಾಗ
ಉಳಿದವರು ಕೋಳಿ, ಮಡಕೆ, ಚಾಪೆ ಏರಿಸುತ್ತಿದ್ದರೆ
ಇವಳು ಬೀಸುವ ಕಲ್ಲನ್ನು ಉರುಳಿಸಿಕೊಂಡು ಬಂದಳಂತೆ.
'ಕಲ್ಲು ಅಲ್ಲಿಯೂ ಸಿಗುತ್ತದೆ' ಅಂದನಂತೆ ಗುಮಾಸ್ತ.
'ಹಿಟ್ಟು ಸಿಗುತ್ತದಾ?' ಅಂದಳಂತೆ ಇವಳು.
ಕಲ್ಲು ಲಾರಿ ಹತ್ತಿತು.

ಇದು ನಾಯಕತ್ವವೋ ಬರೀ ಹಟವೋ
ಆಯ್ಕೆ ಸಮಿತಿ ಅಳೆದು ತೂಗಲಿ.
ನನಗೀಗ ಹನ್ನೆರಡು ಪದ ಕೆಳಗಿಳಿಸಬೇಕು,
ಆ ಗುಮಾಸ್ತನ ಹಾಗೆಯೇ:
ಇದು ಬೇಡ, ಅದು ಬೇಡ, ಜಾಗವಿಲ್ಲ.
'ಬಹಳ' ಹೋಯಿತು. 'ನಿಜಕ್ಕೂ' ಹೋಯಿತು.
ಕೋಳಿ ಹೋಯಿತು, ಚಾಪೆ ಹೋಯಿತು.
ಇನ್ನೂ ಎಂಟು.
'ಅಂಗಳದ ಹುಣಸೆಯತ್ತ ತಿರುಗಿ ತಿರುಗಿ ನೋಡುತ್ತಾ
ದಾರಿಯುದ್ದಕ್ಕೂ ಬಿಕ್ಕಿ ಅತ್ತಳು.'
ಬೆರಳು ಮಡಚಿ ಎಣಿಸಿದೆ. ಸರಿಯಾಗಿ ಎಂಟು.

ಅಂಕಿ ಹಸಿರಾಯಿತು.

ಇನ್ನೊಂದನ್ನು ನಾನು ಬರೆದೇ ಇರಲಿಲ್ಲ.
ಈ ವರ್ಷ ನೀರು ಇಳಿದಿಳಿದು
ಕೊಲ್ಲಿಯ ಕೆಸರಲ್ಲೊಂದು ಮೋಟುಮರ ತಲೆಯೆತ್ತಿದೆ.
ಸಂಜೆ ಸಂಜೆ ಹೋಗಿ ಅಜ್ಜಿ ಅದರೆದುರು ಕೂರುತ್ತಾಳೆ.
'ನಮ್ಮ ಹುಣಸೆಯೇ' ಅನ್ನುತ್ತಾಳೆ.
ಮರುದಿನ, 'ಇರಬಹುದು.'
ಊರೆಲ್ಲ ಕೂಡಿ ಮಳೆ ಬೇಡುವ ಹೊತ್ತಿಗೆ
ಅವಳೊಬ್ಬಳ ತುಟಿ ಅಲ್ಲಾಡುವುದಿಲ್ಲ.
ಇದಕ್ಕೆ ಅರ್ಜಿಯಲ್ಲಿ ಕಾಲಂ ಇಲ್ಲ.
ಇದ್ದಿದ್ದರೂ ತುಂಬುತ್ತಿದ್ದೆನೋ, ಕಾಣೆ.

ಒಂದು ನಲವತ್ತೇಳಕ್ಕೆ ಗುಂಡಿ ಒತ್ತಿದೆ.
ಚಕ್ರ ತಿರುಗಿತು, ತಿರುಗಿತು,
ಜನರೇಟರು ಒಮ್ಮೆ ಕೆಮ್ಮಿತು.
'ನಿಮ್ಮ ಅರ್ಜಿ ತಲುಪಿದೆ.
ದಯವಿಟ್ಟು ಈ ಪತ್ರಕ್ಕೆ ಉತ್ತರಿಸಬೇಡಿ.'
ಸಿಯಾಂವಿಂಗ ಬಗ್ಗಿ ಓದಿದ. 'ಒರಟು ಜನ' ಅಂದ.

ಆರು ಗಂಟೆಗೆ ನನ್ನ ನೌಕರಿ:
ಮಾಪಕದ ಕಂಬದೆದುರು ನಿಂತು ನೀರಿನ ಅಂಕಿ ಬರೆಯುವುದು.
ನಿನ್ನೆಗಿಂತ ಎರಡು ಸೆಂಟಿಮೀಟರು ಕೆಳಗೆ.
ಬರೆದೆ. ಪುಸ್ತಕ ಮುಚ್ಚಿದೆ.
ಅಜ್ಜಿಗೆ ಹೇಳಲೇ, ಬೇಡವೇ ಎಂದು
ದಿಬ್ಬದುದ್ದಕ್ಕೂ ಯೋಚಿಸಿದೆ.
ಮನೆ ಮುಟ್ಟಿದಾಗ ಜೋಳ ಬೀಸುತ್ತಿದ್ದಳು.
ನನ್ನ ಮುಖ ನೋಡಿದಳು, ಕೈ ನಿಲ್ಲಿಸಲಿಲ್ಲ.
'ಎಷ್ಟು?' ಅಂದಳು.